ದುಡ್ಡು ಕಟ್ಟಿದ ಮೇಲೆ ಯುದ್ಧ ಶುರುವಾಯಿತು

ನೈಲ್ ನದಿಯ ಕ್ರೂಸ್‌ಗೆ ನಾವು ಬುಕ್ ಮಾಡಿದ್ದು 2023ರ ಆಗಸ್ಟ್‌ನಲ್ಲಿ. ಹೊರಡಬೇಕಿದ್ದದ್ದು ಮರುವರ್ಷ ಜನವರಿಯಲ್ಲಿ, ಸಂಕ್ರಾಂತಿ ಮುಗಿಸಿಕೊಂಡು. ನಾಲ್ಕು ಜನ: ನಾನು, ನಮ್ಮನೆಯವರು, ಶಿವಮೊಗ್ಗದ ಅಕ್ಕ, ಭಾವ. ಕೈರೋದಲ್ಲಿ ಪಿರಮಿಡ್ ನೋಡುವುದು, ಲಕ್ಸರ್‌ನಲ್ಲಿ ದೋಣಿ ಹತ್ತುವುದು, ಆಸ್ವಾನ್‌ನಲ್ಲಿ ಇಳಿಯುವುದು. ದೋಣಿ ಅಂತ ನಾವು ಕರೀತಿದ್ದೆವು ಅಷ್ಟೆ. ಅದೊಂದು ತೇಲುವ ಹೋಟೆಲು. ತಾರಸಿಯ ಮೇಲೆ ಈಜುಕೊಳ ಬೇರೆ.

ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿತು. ಗಾಜಾ ಮೇಲೆ ಬಾಂಬ್ ಬೀಳತೊಡಗಿದವು. ಮರುದಿನವೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಒಬ್ಬ ಪೊಲೀಸಿನವನು ಇಬ್ಬರು ಇಸ್ರೇಲಿ ಪ್ರವಾಸಿಗರನ್ನೂ ಅವರ ಜೊತೆಗಿದ್ದ ಈಜಿಪ್ಟಿನ ಗೈಡನ್ನೂ ಗುಂಡಿಟ್ಟು ಕೊಂದ. ಆ ಸುದ್ದಿ ನಮ್ಮ ಪೇಪರಿನ ಒಳಪುಟದಲ್ಲಿ ಸಣ್ಣದಾಗಿ ಬಂದಿತ್ತು. ಅಕ್ಕ ಅದನ್ನು ಹುಡುಕಿ ಓದಿದ್ದಳು.

"ಏನೇ ಮಾಡೋದು?" ಅಂತ ಫೋನ್ ಮಾಡಿದಳು. ಅಲ್ಲಿಂದ ಜನವರಿಯವರೆಗೆ ನಮ್ಮಿಬ್ಬರ ಮಧ್ಯೆ ಬೇರೆ ಮಾತೇ ಇರಲಿಲ್ಲ ಅನ್ನಬಹುದು.

ಟಿವಿಯವರು ತೋರಿಸುವ ನಕ್ಷೆಯಲ್ಲಿ ಇಡೀ ಮಧ್ಯಪ್ರಾಚ್ಯ ಒಂದೇ ಬಣ್ಣದ್ದು. ಅದರ ಮೇಲೆ ಬೆಂಕಿಯ ಗ್ರಾಫಿಕ್ಸ್, ಕೆಳಗೆ "ಮೂರನೇ ಮಹಾಯುದ್ಧ?" ಅಂತ ಪ್ರಶ್ನಾರ್ಥಕ ಚಿಹ್ನೆ. ನಮ್ಮನೆಯವರು ಗಣಿತದ ಮೇಷ್ಟ್ರಾಗಿದ್ದವರು. ಟಿವಿ ಆಫ್ ಮಾಡಿ, ಹಳೇ ಶಾಲಾ ಅಟ್ಲಾಸು ತೆಗೆದು, ಸ್ಕೇಲಿಟ್ಟು ಅಳೆದರು. ಗಾಜಾದಿಂದ ಕೈರೋಗೆ ನೇರ ಗೆರೆಯಲ್ಲಿ ಸುಮಾರು 350 ಕಿಲೋಮೀಟರ್. ಲಕ್ಸರ್‌ಗೆ 650ಕ್ಕೂ ಮೇಲೆ. ಬೆಂಗಳೂರಿನಿಂದ ಹೈದರಾಬಾದ್‌ಗೆ ಅಷ್ಟಿಲ್ಲ. ಮಧ್ಯೆ ಇಡೀ ಸಿನಾಯ್ ಮರುಭೂಮಿ ಇದೆ, ಸೂಯೆಜ್ ಕಾಲುವೆ ಇದೆ.

ನನಗೆ ಆಗ ನೆನಪಾದದ್ದು ನಮ್ಮದೇ ಕಾವೇರಿ ಗಲಾಟೆ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು, ಕರ್ಫ್ಯೂ ಬಂತು. ಜರ್ಮನಿಯಲ್ಲಿ ಕೂತು ಆ ದೃಶ್ಯ ನೋಡಿದವರು ಹಂಪಿಗೆ ಮಾಡಿಸಿದ್ದ ಟಿಕೆಟ್ ರದ್ದು ಮಾಡಿದ್ದರೆ ಆಶ್ಚರ್ಯವಿಲ್ಲ. ಎಲ್ಲಿಯ ಬೆಂಗಳೂರು, ಎಲ್ಲಿಯ ಹಂಪಿ! ಇದನ್ನು ಅಕ್ಕನಿಗೆ ಹೇಳಿದೆ. ಸುಮ್ನೆ ಕೇಳಿಸಿಕೊಂಡು ಅವಳು ಅಂದದ್ದು ಇಷ್ಟು: "ಅವತ್ತು ಮೈಸೂರು ರಸ್ತೆಯಲ್ಲಿ ಸಿಕ್ಕಿಕೊಂಡಿದ್ದವರನ್ನ ಕೇಳು. ಹಂಪಿ ಶಾಂತವಾಗಿದ್ರೆ ಅವರಿಗೇನು? ಅವರು ಮನೆಗೆ ಹೋಗೋ ದಾರಿನೇ ಮುಚ್ಚಿತ್ತಲ್ಲ."

ಈ ಮಾತು ಆಗ ನನಗೆ ಅಷ್ಟಾಗಿ ತಾಗಲಿಲ್ಲ. ಆಮೇಲೆ ನೋಡಿದರೆ ಇಡೀ ವಿಷಯ ಇದ್ದದ್ದೇ ಅದರಲ್ಲಿ.

ಎಲ್ಲರೂ ಕೇಳುತ್ತಿದ್ದದ್ದು "ಅಲ್ಲಿ ಸೇಫಾ?" ಅಂತ. ಅದಕ್ಕೆ ಉತ್ತರ ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಬ್ರಿಟನ್ ಸರ್ಕಾರ ತನ್ನ ಜನರಿಗಾಗಿ ಪ್ರತಿ ದೇಶದ ಬಣ್ಣದ ನಕ್ಷೆ ಹಾಕುತ್ತದೆ. ಅದರಲ್ಲಿ ಈಜಿಪ್ಟಿನ ಉತ್ತರ ಸಿನಾಯ್ ಕೆಂಪು, ಲಿಬಿಯಾ ಗಡಿ ಕೆಂಪು, ಪಶ್ಚಿಮದ ಮರುಭೂಮಿ ಬಹುಪಾಲು ಕಿತ್ತಳೆ. ಕೈರೋ, ಲಕ್ಸರ್, ಆಸ್ವಾನ್ ಇರುವ ನೈಲ್ ಕಣಿವೆ ಹಸಿರು. ಯುದ್ಧ ಶುರುವಾದ ಮೇಲೂ ಆ ಹಸಿರು ಬದಲಾಗಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್ ಗಡಿಗೆ ಅಂಟಿಕೊಂಡಿರುವ ತಾಬಾ ಊರಿಗೆ ಒಂದು ಡ್ರೋನ್ ಬಂದು ಬಿತ್ತು, ಆರು ಜನರಿಗೆ ಗಾಯವಾಯಿತು. ಆಗಲೂ ಬದಲಾಗಲಿಲ್ಲ.

ಲಕ್ಸರ್ ಯಾವಾಗಲೂ ಹೀಗೆ ಹಸಿರಾಗಿತ್ತು ಅಂತ ಅಲ್ಲ. 1997ರ ನವೆಂಬರ್ 17ರಂದು ಅಲ್ಲಿನ ಹತ್ಶೆಪ್ಸುತ್ ದೇವಾಲಯದ ಅಂಗಳದಲ್ಲಿ ಉಗ್ರರು 62 ಜನರನ್ನು ಕೊಂದರು. ಅವರಲ್ಲಿ 58 ಜನ ವಿದೇಶಿ ಪ್ರವಾಸಿಗರು. ಕೈರೋದಿಂದ ಲಕ್ಸರ್‌ವರೆಗೆ ಹೋಗುತ್ತಿದ್ದ ಉದ್ದನೆಯ ಕ್ರೂಸ್‌ಗಳು ಆ ದಶಕದಲ್ಲೇ ನಿಂತುಹೋಗಿ, ಎಷ್ಟೋ ವರ್ಷ ಶುರುವಾಗಲೇ ಇಲ್ಲ. ದಾರಿಯಲ್ಲಿ ಸಿಗುವ ಮಿನ್ಯಾ, ಅಸ್ಯೂತ್ ಕಡೆ ಗಲಾಟೆ ಜಾಸ್ತಿ ಇತ್ತು. ಇವತ್ತು ನೈಲ್ ಕ್ರೂಸ್ ಅಂದರೆ ಎಲ್ಲರ ತಲೆಯಲ್ಲಿ ಲಕ್ಸರ್-ಆಸ್ವಾನ್ ಮಧ್ಯದ ತುಂಡೇ ಬರುವುದಕ್ಕೆ ಅದೂ ಒಂದು ಕಾರಣ. ಅಂದರೆ ನಾವು ಬುಕ್ ಮಾಡಿದ ದಾರಿಯನ್ನೇ ಹಿಂದಿನ ಒಂದು ಅಶಾಂತಿ ಕತ್ತರಿಸಿ ಚಿಕ್ಕದು ಮಾಡಿ ಇಟ್ಟಿತ್ತು.

ಅಂಕಿಗಳೂ ಅದನ್ನೇ ಹೇಳುತ್ತವೆ. 2010ರಲ್ಲಿ ಈಜಿಪ್ಟಿಗೆ ಬಂದ ಪ್ರವಾಸಿಗರು ಸುಮಾರು 147 ಲಕ್ಷ. 2011ರಲ್ಲಿ ತಹ್ರೀರ್ ಚೌಕದ ಚಳವಳಿ, ಅಧ್ಯಕ್ಷ ಮುಬಾರಕ್ ಇಳಿದದ್ದು. ಆ ವರ್ಷ ಸಂಖ್ಯೆ ಒಂದು ಕೋಟಿಯ ಕೆಳಗೆ ಬಂತು. 2015ರ ಅಕ್ಟೋಬರ್‌ನಲ್ಲಿ ಸಿನಾಯ್ ಮೇಲೆ ರಷ್ಯಾದ ವಿಮಾನ ಬಿದ್ದು 224 ಜನ ಸತ್ತರು. ಅದರ ಮರುವರ್ಷ 54 ಲಕ್ಷ. ಮತ್ತೆ ಏರಿ, 2023ರಲ್ಲಿ, ಅಂದರೆ ನಾವು ಕೂತು ಹೋಗೋಣವೋ ಬೇಡವೋ ಅಂತ ತಲೆ ಕೆರೆದುಕೊಳ್ಳುತ್ತಿದ್ದ ವರ್ಷದಲ್ಲೇ, 149 ಲಕ್ಷ ಮುಟ್ಟಿ ದಾಖಲೆ ಆಯಿತು. ಜನ ಹೆದರುತ್ತಾರೆ, ಆಮೇಲೆ ಮರೆಯುತ್ತಾರೆ. ಎರಡೂ ಬೇಗ ಆಗುತ್ತೆ.

ಇನ್ನು ದುಡ್ಡಿನ ವಿಷಯ. ಟೂರ್‌ನವರಿಗೆ ಅರ್ಧ ಹಣ ಕಟ್ಟಿ ಆಗಿತ್ತು, ಬಾಕಿ ಕಟ್ಟಲು ನವೆಂಬರ್ ಕೊನೆಯವರೆಗೆ ಗಡುವು. ರದ್ದತಿಯ ನಿಯಮ ಎಲ್ಲ ಕಡೆ ಇರುವಂಥದ್ದೇ. ಹೊರಡುವ ದಿನ ಹತ್ತಿರ ಬಂದಷ್ಟೂ ಕತ್ತರಿ ದೊಡ್ಡದಾಗುತ್ತದೆ, ಕೊನೆಯ ಎರಡು ವಾರದಲ್ಲಿ ಒಂದು ಪೈಸೆಯೂ ವಾಪಸ್ ಇಲ್ಲ. ಆದರೆ ಅವರೇ ರದ್ದು ಮಾಡಿದರೆ ಪೂರ್ತಿ ಹಣ ಕೊಡಬೇಕು. ಹಾಗಾಗಿ ಆಟ ಶುರುವಾಯಿತು. ನಾವು ಫೋನ್ ಮಾಡಿ "ಏನ್ರೀ, ಟೂರ್ ಇದೆಯಾ?" ಅಂತ ಕೇಳುವುದು, ಅವರು "ಇದೆ ಮೇಡಂ, ನೀವು ಬರ್ತೀರಲ್ವಾ?" ಅಂತ ಕೇಳುವುದು. ಇಬ್ಬರೂ ಇನ್ನೊಬ್ಬರ ಬಾಯಿಂದ ಬೇಡ ಅನ್ನಿಸಲು ಕಾಯುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅಂದರು ಕೆಲವರು. ಪಾಲಿಸಿ ಕಾಗದವನ್ನು ಒಮ್ಮೆ ಓದಿ ನೋಡಿ. ಸಣ್ಣ ಅಕ್ಷರದಲ್ಲಿ ಯುದ್ಧ, ದಂಗೆ, ಬಂಡಾಯ ಇವೆಲ್ಲ ಹೊರಗೆ ಅಂತ ಬರೆದಿರುತ್ತದೆ. ಇನ್ನು ಸುದ್ದಿ ಬಂದ ಮೇಲೆ ಹೋಗಿ ಹೊಸ ಪಾಲಿಸಿ ತಗೊಂಡರೆ, ಗೊತ್ತಿದ್ದ ಅಪಾಯಕ್ಕೆ ಹಣ ಕೊಡುವುದಿಲ್ಲ ಅನ್ನುತ್ತಾರೆ. ಭಯ ಬಿದ್ದು ಸುಮ್ನೆ ರದ್ದು ಮಾಡಿದರೆ ಸಾಮಾನ್ಯವಾಗಿ ಯಾವ ಪಾಲಿಸಿಯೂ ಹತ್ತಿರ ಬರುವುದಿಲ್ಲ. ಸೂಟ್‌ಕೇಸ್ ಕಳೆದರೆ, ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದರೆ ಉಪಯೋಗಕ್ಕೆ ಬರುವ ವಸ್ತು ಅದು. ನಮಗೆ ಬೇಕಾದ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ.

ಒಂದು ಸಂಜೆ ನಮ್ಮನೆಯವರು ಫೋನನ್ನು ಸ್ಪೀಕರ್‌ಗೆ ಹಾಕಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು. "ಕಟ್ಟಿದ ದುಡ್ಡು ಹೋಯ್ತು ಅಂತಲೇ ತಿಳ್ಕೊಳ್ಳಿ. ಇವತ್ತು ಯಾರಾದರೂ ಇದೇ ಟಿಕೆಟ್ ಬಿಟ್ಟಿ ಕೊಟ್ಟರೆ ಹೋಗ್ತೀರಾ?" ನಾನು ಹೋಗ್ತೀನಿ ಅಂದೆ. ಅಕ್ಕ ಬೇಡ ಅಂದಳು. ಭಾವ ಸ್ವಲ್ಪ ಯೋಚಿಸಿ, "ಬಿಟ್ಟಿ ಕೊಟ್ಟರೆ ಮೊದಲು ಅವನು ಯಾಕೆ ಕೊಡ್ತಿದಾನೆ ಅಂತ ವಿಚಾರಿಸ್ತೀನಿ" ಅಂದರು. ಅಲ್ಲಿಗೆ ಆ ಪರೀಕ್ಷೆ ಮುಗಿಯಿತು.

ನದಿಯ ಕ್ರೂಸ್‌ಗೂ ಸಮುದ್ರದ ಕ್ರೂಸ್‌ಗೂ ಇಲ್ಲೊಂದು ವ್ಯತ್ಯಾಸ ಇದೆ. ನಮ್ಮ ಚಿಕ್ಕಪ್ಪನ ಮಗಳು ಅದೇ ಚಳಿಗಾಲಕ್ಕೆ ಮೆಡಿಟರೇನಿಯನ್ ಸಮುದ್ರದ ಹಡಗಿಗೆ ಬುಕ್ ಮಾಡಿದ್ದಳು, ಮುಖ್ಯವಾಗಿ ಜೆರುಸಲೇಮ್ ನೋಡಬೇಕು ಅಂತ. ಯುದ್ಧ ಶುರುವಾದ ಮೇಲೆ ಕ್ರೂಸ್ ಕಂಪನಿಗಳು ಒಂದೊಂದಾಗಿ ಇಸ್ರೇಲಿನ ಹೈಫಾ, ಅಶ್ದೋದ್ ಬಂದರುಗಳನ್ನು ಬಿಟ್ಟವು. ಇವಳ ಹಡಗೂ ಬಿಟ್ಟಿತು, ಬದಲಿಗೆ ಗ್ರೀಸ್‌ನಲ್ಲಿ ಎರಡು ಊರು ಸೇರಿಸಿತು. ಹಣ ವಾಪಸ್ ಕೇಳುವಂತಿಲ್ಲ. ಬಂದರು ಬದಲಿಸುವ ಹಕ್ಕು ಹಡಗಿನವರದು ಅಂತ ಒಪ್ಪಂದದಲ್ಲೇ ಇರುತ್ತದೆ. ಅವಳು ಗೊಣಗಿಕೊಂಡೇ ಹೋದಳು, ಗ್ರೀಸ್ ಚೆನ್ನಾಗಿತ್ತು ಅಂತಲೂ ಹೇಳಿದಳು. ಸಮುದ್ರದ ಹಡಗು ಹೀಗೆ ಪಕ್ಕಕ್ಕೆ ಸರಿಯಬಲ್ಲದು. ನದಿಯ ದೋಣಿಗೆ ಆ ದಾರಿ ಇಲ್ಲ, ನೈಲ್ ಒಂದೇ. ಆದರೆ ದಡ ಯಾವಾಗಲೂ ಕಣ್ಣೆದುರಿಗೇ ಇರುತ್ತದೆ. ಬೇಡ ಅನಿಸಿದರೆ ಇಳಿದು, ರೈಲು ಹತ್ತಿ ಕೈರೋಗೆ ಬರಬಹುದು. ನನಗೆ ಅದೊಂದು ಧೈರ್ಯ.

ನವೆಂಬರ್ 24ರಂದು ಗಾಜಾದಲ್ಲಿ ಕದನ ವಿರಾಮ ಜಾರಿಗೆ ಬಂತು. ನಾವು ಆ ವಾರವೇ ಬಾಕಿ ಹಣ ಕಟ್ಟಿದೆವು, ಅಕ್ಕನೂ ಕಟ್ಟಿದಳು. ವಿರಾಮ ಒಂದು ವಾರ ನಡೆದು ಮುರಿದುಬಿತ್ತು.

ಅಷ್ಟರಲ್ಲಿ ಕೆಂಪು ಸಮುದ್ರದ ಕಥೆ ಶುರುವಾಗಿತ್ತು. ಯೆಮನ್‌ನ ಹೌತಿ ಬಂಡುಕೋರರು ನವೆಂಬರ್ 19ರಂದು ಹೆಲಿಕಾಪ್ಟರ್‌ನಲ್ಲಿ ಬಂದು ಗ್ಯಾಲಕ್ಸಿ ಲೀಡರ್ ಅನ್ನುವ ಹಡಗನ್ನು ಹಿಡಿದರು. ಅದು ಟರ್ಕಿಯಿಂದ ಗುಜರಾತಿಗೆ ಬರುತ್ತಿದ್ದ ಹಡಗು. ಡಿಸೆಂಬರ್ ಮಧ್ಯಕ್ಕೆ ದೊಡ್ಡ ದೊಡ್ಡ ಕಂಪನಿಗಳು ಕೆಂಪು ಸಮುದ್ರದ ದಕ್ಷಿಣದ ಬಾಯಲ್ಲಿರುವ ಬಾಬ್ ಎಲ್ ಮಂದೆಬ್ ಜಲಸಂಧಿಯ ಸಹವಾಸವೇ ಬೇಡ ಅಂತ ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಕೆಂಪು ಸಮುದ್ರ ದಾಟಬೇಕಿದ್ದ ಕ್ರೂಸ್ ಹಡಗುಗಳೂ ಅದೇ ದಾರಿ ಹಿಡಿದವು, ಕೆಲವು ಯಾತ್ರೆಗಳು ಪೂರ್ತಿ ರದ್ದಾದವು. ಸೂಯೆಜ್ ಕಾಲುವೆಯಿಂದ ಈಜಿಪ್ಟಿಗೆ 2023ರಲ್ಲಿ ಸಾವಿರ ಕೋಟಿ ಡಾಲರ್‌ಗೂ ಮೇಲೆ ಬಂದಿದ್ದ ಆದಾಯ ಮರುವರ್ಷ ಸುಮಾರು 400 ಕೋಟಿ ಡಾಲರ್‌ಗೆ ಇಳಿಯಿತು.

ಮೇಷ್ಟ್ರು ಮತ್ತೆ ಸ್ಕೇಲು ತೆಗೆದರು. ಬಾಬ್ ಎಲ್ ಮಂದೆಬ್‌ನಿಂದ ಲಕ್ಸರ್‌ಗೆ 1800 ಕಿಲೋಮೀಟರ್. "ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂದರು.

ಆಮೇಲೆ ಡಿಸೆಂಬರ್ 23. ಸೌದಿ ಅರೇಬಿಯಾದಿಂದ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ರಾಸಾಯನಿಕ ಟ್ಯಾಂಕರ್ ಹಡಗಿನ ಮೇಲೆ ಗುಜರಾತ್ ತೀರದಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಿತ್ತು. ಸಿಬ್ಬಂದಿಯಲ್ಲಿ 20 ಜನ ಭಾರತೀಯರು. ಯಾರಿಗೂ ಏನೂ ಆಗಲಿಲ್ಲ, ಕೋಸ್ಟ್ ಗಾರ್ಡ್‌ನವರು ಮುಂಬೈಗೆ ಕರೆತಂದರು. ಆ ಹಡಗು ಹೊರಟಿದ್ದದ್ದು ನಮ್ಮ ನವಮಂಗಳೂರು ಬಂದರಿಗೆ.

ಎರಡೂವರೆ ತಿಂಗಳಿಂದ ನಾವು ಈಜಿಪ್ಟಿಗೂ ಬೆಂಕಿಗೂ ಎಷ್ಟು ದೂರ ಅಂತ ಅಳೆಯುತ್ತಿದ್ದೆವು. ಅದು ಮಂಗಳೂರಿನ ದಾರಿಯಲ್ಲೇ ಬಂದು ಬಿದ್ದಿತ್ತು. ನನ್ನ ನಾದಿನಿ ಮಂಗಳೂರಿನವಳು. ಅವಳಿಗೆ ಫೋನ್ ಮಾಡಿದರೆ ಮೀನು ಕೊಳ್ಳಲು ಹೋಗಿದ್ದಳು. "ಹೌದಾ? ಇಲ್ಲೇನೂ ಇಲ್ವಲ್ಲ" ಅಂದಳು. ಲಕ್ಸರ್‌ನಲ್ಲೂ ಜನ ಹೀಗೇ ಹೇಳುತ್ತಿರಬೇಕು ಅನಿಸಿತು.

ಆ ಸಮುದ್ರದ ಬಾಯಲ್ಲಿ ಗಲಾಟೆಯಾದರೆ ಮಂಗಳೂರಿಗೆ ಸುದ್ದಿ ಬರುವುದು ಹೊಸದೇನೂ ಅಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಇಲ್ಲಿ ಕಂಚು ಹಿತ್ತಾಳೆಯ ಪಾತ್ರೆ ಮಾಡಿಸುತ್ತಿದ್ದ, ಮೆಣಸು ಅಡಿಕೆ ಕಳಿಸುತ್ತಿದ್ದ. ಅವನ ಕೆಲಸದಾಳು ಬೊಮ್ಮ ಯೆಮನ್‌ನ ಏಡನ್ ಬಂದರಿನವರೆಗೂ ಹೋಗಿ ಬರುತ್ತಿದ್ದ. ಬೆನ್ ಯಿಜುವಿನ ಕಾಗದಪತ್ರಗಳು ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಉಳಿದುಕೊಂಡು 19ನೇ ಶತಮಾನದ ಕೊನೆಗೆ ಹೊರಬಂದವು. 1135ರ ಸುಮಾರಿಗೆ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ದೊರೆ ಹಡಗುಪಡೆ ಕಳಿಸಿ ಏಡನ್ ಬಂದರಿಗೆ ಮುತ್ತಿಗೆ ಹಾಕಿಸಿದ. ಬಂದು ಹೋಗುವ ಹಡಗುಗಳನ್ನು ಹಿಡಿಯುವುದೇ ಉದ್ದೇಶ. ಏಡನ್ ವರ್ತಕರ ಕಾಗದಗಳಲ್ಲಿ ಆ ಸುದ್ದಿಯೂ ಇದೆ. ಮುತ್ತಿಗೆ ಮುರಿದದ್ದು ರಾಮಿಶ್ತ್ ಎಂಬ ದೊಡ್ಡ ವ್ಯಾಪಾರಿಯ ಎರಡು ಹಡಗು ಬಂದಾಗ. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಮುಂದಿನ ವರ್ಷಗಳ ಕಾಗದಗಳಲ್ಲಿ ಮತ್ತೆ ಅದೇ ಲೆಕ್ಕ, ಇಷ್ಟು ಅಡಿಕೆ, ಇಷ್ಟು ಮೆಣಸು, ಇಷ್ಟು ಬಾಕಿ. ಆಗ ಬೊಮ್ಮನನ್ನು ಯಾರಾದರೂ "ಈ ಸಲ ಹೋಗ್ತೀಯಾ?" ಅಂತ ಕೇಳಿದ್ದರೋ ಇಲ್ಲವೋ. ಅವನದು ಕ್ರೂಸ್ ಅಲ್ಲವಲ್ಲ.

ಅಕ್ಕ ಟೂರ್ ಕೈಬಿಟ್ಟದ್ದು ಡಿಸೆಂಬರ್‌ನ ಆ ವಾರದಲ್ಲೇ. ನಾನು ಹಡಗಿನ ಸುದ್ದಿಯಿಂದ ಹೆದರಿದಳು ಅಂದುಕೊಂಡೆ. ಅದಲ್ಲ.

ಅಕ್ಕನ ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಿಗ್ಗೆ ಭಾವ ಕಾರಿನಲ್ಲಿ ಕರೆದೊಯ್ಯುತ್ತಾರೆ, ಅಕ್ಕ ಜೊತೆಗೆ ಕೂರುತ್ತಾಳೆ. ಹೋಗುವ ದಿನಗಳಿಗೆ ಭಾವನ ತಂಗಿ ಹುಬ್ಬಳ್ಳಿಯಿಂದ ಬಂದು ಇರುತ್ತೇನೆ ಅಂದಿದ್ದಳು. ಆದರೆ ಅವಳಿಗೂ ಕೆಲಸ, ರಜೆ ಇದ್ದದ್ದು ಅಷ್ಟೇ ದಿನಕ್ಕೆ. ಅಕ್ಕ ಫೋನಿನಲ್ಲಿ ಹೇಳಿದ್ದು: "ಬಾಂಬ್ ಬಿದ್ದು ಸಾಯ್ತೀನಿ ಅಂತ ಹೆದರಿಕೆ ಇಲ್ಲ ಕಣೇ. ಹೋಗೋದು ಹೋಗ್ತೀವಿ. ವಾಪಸ್ ಬರೋ ದಿನ ವಿಮಾನ ಇಲ್ಲ ಅಂದ್ರೆ? ನಾಲ್ಕು ದಿನ ದುಬೈನಲ್ಲಿ ಕೂತ್ಕೊಂಡ್ರೆ ಇಲ್ಲಿ ಅತ್ತೆಗೆ ಯಾರು?"

ನಾವು ಸ್ಕೇಲಿಟ್ಟು ಅಳೆದದ್ದು ಲಕ್ಸರ್‌ಗೂ ಗಾಜಾಕ್ಕೂ ಎಷ್ಟು ದೂರ ಅಂತ. ಅಕ್ಕ ಅಳೆಯುತ್ತಿದ್ದದ್ದು ಶಿವಮೊಗ್ಗದ ಡಯಾಲಿಸಿಸ್ ವಾರ್ಡಿಗೆ ಎಷ್ಟು ಬೇಗ ವಾಪಸ್ ಬರಬಹುದು ಅಂತ. ಬೆಂಗಳೂರಿನಿಂದ ಕೈರೋಗೆ ನಮ್ಮ ಟಿಕೆಟ್ ಇದ್ದದ್ದು ಗಲ್ಫ್ ಮೂಲಕ. ಅಪಾಯ ನಮಗೆ ಬಂದು ತಾಗುವ ದಾರಿ ನೈಲ್ ದಡ ಅಲ್ಲ, ಆ ವಿಮಾನ ನಿಲ್ದಾಣ. ಯಾರೋ ಯಾರ ಮೇಲೋ ಕ್ಷಿಪಣಿ ಬಿಟ್ಟರೆ ಮೊದಲು ಮುಚ್ಚುವುದು ಆಕಾಶ. ಸಾಯುವವರು ಬೇರೆಯವರು, ಸಿಕ್ಕಿಕೊಳ್ಳುವವರು ನಾವು. ನಮ್ಮಿಬ್ಬರಿಗೆ ನಾಲ್ಕು ದಿನ ಸಿಕ್ಕಿಕೊಂಡರೆ ಏನಾಗುತ್ತಿತ್ತು? ಹೋಟೆಲ್ ಖರ್ಚು, ಒಗೆಯದ ಬಟ್ಟೆ, ಮಗಳಿಂದ ಬೈಗುಳ. ನಮ್ಮ ಮನೆಯಲ್ಲಿ ಕಾಯುತ್ತಿದ್ದದ್ದು ತುಳಸಿ ಗಿಡ ಒಂದೇ, ಅದಕ್ಕೆ ಪಕ್ಕದ ಮನೆಯವರು ನೀರು ಹಾಕುತ್ತಾರೆ. ಅದೇ ಸುದ್ದಿ, ಅದೇ ಟಿಕೆಟ್, ಅದೇ ದೇಶ. ಎರಡು ಮನೆಗೆ ಎರಡು ಉತ್ತರ. ಎರಡೂ ಸರಿ ಅಂತಲೇ ಈಗಲೂ ಹೇಳುತ್ತೇನೆ.

ಟೂರ್‌ನವರ ಜೊತೆ ಭಾವ ಗಂಟೆಗಟ್ಟಲೆ ಮಾತಾಡಿ, ರದ್ದು ಅಂತ ಬರೆಯುವ ಬದಲು ಮುಂದೂಡಿದ್ದು ಅಂತ ಬರೆಸಿದರು. ವಿಮಾನದ ಟಿಕೆಟ್ ಹಣ ಹೋಯಿತು. ಉಳಿದದ್ದಕ್ಕೆ ಎರಡು ವರ್ಷದ ಕ್ರೆಡಿಟ್ ನೋಟ್ ಸಿಕ್ಕಿತು. ಯಾರಾದರೂ ಇಂಥ ಇಕ್ಕಟ್ಟಿನಲ್ಲಿದ್ದರೆ ಇದನ್ನು ಮಾತ್ರ ಕೇಳಿ ನೋಡಿ. ಫೋನಿನಲ್ಲಿ ಮೊದಲು ಇಲ್ಲ ಅನ್ನುತ್ತಾರೆ. ಬರಹದಲ್ಲಿ ಕೇಳಿದರೆ ಕೊಡುತ್ತಾರೆ.

ನಾವು ಹೋಗುವುದು ಅಂತ ಆದ ಮೇಲೆ ನನ್ನನ್ನು ಕಾಡಿದ್ದು ಬೇರೆಯದೇ ಪ್ರಶ್ನೆ. ಆರುನೂರು ಚಿಲ್ಲರೆ ಕಿಲೋಮೀಟರ್ ಆಚೆ ಜನ ಸಾಯುತ್ತಿರುವಾಗ ಬಫೆ ಊಟ ಮಾಡಿಕೊಂಡು, ಡೆಕ್ ಮೇಲೆ ಬಿಸಿಲು ಕಾಯಿಸಿಕೊಂಡು ಕೂರುವುದು ಹೇಗೆ? ಮಗಳು ನೇರವಾಗಿಯೇ ಕೇಳಿದಳು. ಉತ್ತರ ಹೇಳಲು ಆಗಲಿಲ್ಲ. ಮೈಸೂರಿನಲ್ಲಿ ಕೂತು ಅದೇ ಸುದ್ದಿ ನೋಡುತ್ತಾ ಊಟ ಮಾಡುತ್ತಿದ್ದೆನಲ್ಲ, ಅದರಲ್ಲಿ ದೊಡ್ಡತನ ಏನಿತ್ತು ಅಂತಲೂ ಅನಿಸಿತು. ನಾವು ಹೋಗುವುದರಿಂದ ಅಲ್ಲಿನವರಿಗೆ ಉಪಕಾರ ಅಂತ ಟೂರ್‌ನವರು ಹೇಳುವ ಮಾತು ಇದೆ. ಅದನ್ನು ನಂಬಿಕೊಂಡು ಪುಣ್ಯ ಕಟ್ಟಿಕೊಂಡೆ ಅಂತ ಬೀಗುವುದೂ ಚೆನ್ನಾಗಿರಲ್ಲ. ನಾನು ಹೋದದ್ದು ನೋಡಬೇಕು ಅನ್ನುವ ಆಸೆಗೆ, ಅಷ್ಟೆ.

ಹೊರಡುವ ಮುಂಚೆ, ಜನವರಿ 12ಕ್ಕೆ, ಅಮೆರಿಕ ಮತ್ತು ಬ್ರಿಟನ್ ಯೆಮನ್ ಮೇಲೆ ಬಾಂಬ್ ಹಾಕಿದವು. ಅಮ್ಮ ಫೋನ್ ಮಾಡಿ "ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದು ಹೊರಡು" ಅಂದರು. ಹೋಗು ಅನ್ನುವ ಒಪ್ಪಿಗೆ ಅದು. ಬೆಟ್ಟಕ್ಕೆ ಹೋಗಿ ಬಂದೆವು.

ಹತ್ಶೆಪ್ಸುತ್ ದೇವಾಲಯದ ಅಂಗಳ ದೊಡ್ಡದು, ನೆರಳೇ ಇಲ್ಲ. ಬಾಗಿಲಲ್ಲಿ ಬ್ಯಾಗ್ ಸ್ಕ್ಯಾನರ್, ಕರಿ ಸಮವಸ್ತ್ರದ ಪ್ರವಾಸಿ ಪೊಲೀಸರು. 1997ರ ಬಗ್ಗೆ ಗೈಡ್ ತಾನಾಗಿ ಹೇಳಲಿಲ್ಲ, ನಾನೇ ಕೇಳಿದೆ. ಅವನು ಆಗ ಶಾಲೆಯಲ್ಲಿದ್ದನಂತೆ. ಅಪ್ಪನೂ ಗೈಡೇ. ಆ ವರ್ಷ ಅಪ್ಪ ಕಬ್ಬಿನ ಗದ್ದೆಗೆ ಕೂಲಿಗೆ ಹೋದರು ಅಂದ. 2011ರಲ್ಲಿ ಇವನ ಸರದಿ. ದೋಣಿಗಳೆಲ್ಲ ಲಕ್ಸರ್ ದಡದಲ್ಲಿ ಸಾಲಾಗಿ ಕಟ್ಟಿಹಾಕಿಕೊಂಡು ನಿಂತಿದ್ದವು, ಇವನು ಟ್ಯಾಕ್ಸಿ ಓಡಿಸಿದ. "ನಿಮಗೆ ಒಂದು ಟಿಕೆಟ್ ರದ್ದು. ನಮಗೆ ವರ್ಷ ರದ್ದು" ಅಂದ. ಬೇಸರದಿಂದಲ್ಲ, ಲೆಕ್ಕ ಹೇಳುವ ಹಾಗೆ. ಈ ಸಲ ಅಮೆರಿಕದ ಗುಂಪುಗಳು ಬಂದಿಲ್ಲ, ನೀವು ಇಂಡಿಯಾದವರು ಬಂದಿದ್ದೀರಿ, ಬ್ರೆಜಿಲ್‌ನವರು ಬಂದಿದ್ದಾರೆ ಅಂದ. ಹಾಗಾಗಿ ದೋಣಿ ಅರ್ಧಕ್ಕಿಂತ ಜಾಸ್ತಿ ತುಂಬಿತ್ತು.

ಎಸ್ನಾ ಹತ್ತಿರ ನದಿಗೆ ಕಟ್ಟೆ ಕಟ್ಟಿದ್ದಾರೆ. ದೋಣಿಗಳು ಲಾಕ್ ಅನ್ನುವ, ಎರಡೂ ಕಡೆ ಬಾಗಿಲಿರುವ ತೊಟ್ಟಿಯೊಳಗೆ ಹೋಗಿ, ನೀರು ಏರುವವರೆಗೆ ಕಾದು, ಆಮೇಲೆ ಮುಂದೆ ಹೋಗಬೇಕು. ಸರದಿಗೆ ಕಾಯುವಾಗ ಸಣ್ಣ ಸಣ್ಣ ಹುಟ್ಟುದೋಣಿಗಳಲ್ಲಿ ವ್ಯಾಪಾರಿಗಳು ಬಂದು ನಮ್ಮ ಹಡಗಿಗೆ ಹಗ್ಗ ಎಸೆದು ಕಟ್ಟಿಕೊಳ್ಳುತ್ತಾರೆ. ಅಲ್ಲಿಂದಲೇ ಮೇಜಿನ ಬಟ್ಟೆ, ಶಾಲು, ಉದ್ದ ನಿಲುವಂಗಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೂರು ಮಹಡಿ ಮೇಲಿನ ಡೆಕ್‌ಗೆ ಎಸೆಯುತ್ತಾರೆ. ಗುರಿ ತಪ್ಪುವುದಿಲ್ಲ. ಬೇಕಾದರೆ ಅದೇ ಚೀಲದಲ್ಲಿ ದುಡ್ಡು ಹಾಕಿ ಕೆಳಕ್ಕೆ ಎಸೆಯಬೇಕು, ಬೇಡವಾದರೆ ಬಟ್ಟೆಯನ್ನೇ ವಾಪಸ್ ಎಸೆಯಬೇಕು. ಚೌಕಾಸಿ ಎಲ್ಲ ಕೂಗಿಕೊಂಡೇ. ನಮ್ಮನ್ನು ನೋಡಿ ಒಬ್ಬ "ನಮಸ್ತೇ! ಅಮಿತಾಬ್ ಬಚ್ಚನ್!" ಅಂತ ಕೂಗಿದ. ನಮ್ಮನೆಯವರು ಒಂದು ಮೇಜಿನ ಬಟ್ಟೆಗೆ ಅವನು ಹೇಳಿದ ಬೆಲೆಯ ಕಾಲು ಭಾಗ ಹೇಳಿದರು. ಅವನು ಎದೆ ಹಿಡಿದುಕೊಂಡು ದೋಣಿಯಲ್ಲೇ ಬಿದ್ದ ಹಾಗೆ ಮಾಡಿದ, ಆಮೇಲೆ ಎದ್ದು ಒಪ್ಪಿಕೊಂಡ. ಅಂದರೆ ನಾವೇ ಜಾಸ್ತಿ ಕೊಟ್ಟೆವು ಅಂತ ಅರ್ಥ.

ಯುದ್ಧ ಅಲ್ಲಿ ಕಾಣಿಸುತ್ತಿದ್ದದ್ದು ಸಣ್ಣ ಜಾಗಗಳಲ್ಲಿ. ಆಸ್ವಾನ್‌ನ ಒಂದು ಅಂಗಡಿಯಲ್ಲಿ ಕೋಲಾ ಕೇಳಿದರೆ ಅಂಗಡಿಯವನು ತಲೆ ಅಲ್ಲಾಡಿಸಿ ಸ್ಪಿರೋ ಸ್ಪಾಥಿಸ್ ಅನ್ನುವ ಬಾಟಲಿ ಇಟ್ಟ. ನೂರು ವರ್ಷ ಹಳೆಯ ಈಜಿಪ್ಟಿನದೇ ಸೋಡಾ. ಎಲ್ಲರೂ ಮರೆತಿದ್ದರಂತೆ. ಗಾಜಾ ಯುದ್ಧದ ಸಿಟ್ಟಿಗೆ ಜನ ಪಶ್ಚಿಮದ ಕಂಪನಿಗಳನ್ನು ಬಿಟ್ಟ ಮೇಲೆ ಅದಕ್ಕೆ ಮತ್ತೆ ಜೀವ ಬಂದಿತ್ತು. ಅವನು ಗಾಜಾ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಾಟಲಿಯ ಮುಚ್ಚಳ ತೆಗೆದುಕೊಟ್ಟ, ಅಷ್ಟೆ.

ಆಸ್ವಾನ್‌ನಿಂದ 280 ಕಿಲೋಮೀಟರ್ ದೂರದ ಅಬು ಸಿಂಬೆಲ್ ದೇವಾಲಯಕ್ಕೆ ಬೆಳಗಿನ ಜಾವ ಹೊರಡುತ್ತಾರೆ. ಒಳಗಿನ ಗೋಡೆ ತುಂಬ ಕದೇಶ್ ಯುದ್ಧದ ಚಿತ್ರ. ಮೂರು ಸಾವಿರ ವರ್ಷಕ್ಕೂ ಹಿಂದೆ, ಇವತ್ತಿನ ಸಿರಿಯಾದ ನೆಲದಲ್ಲಿ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಇವತ್ತಿನ ಟರ್ಕಿ ಕಡೆಯ ಹಿಟ್ಟೈಟರ ಜೊತೆ ಮಾಡಿದ ಯುದ್ಧ ಅದು. ತಾನೇ ಗೆದ್ದೆ ಅಂತ ಕೆತ್ತಿಸಿದ್ದಾನೆ. ನಿಜವಾಗಿ ಯಾರೂ ಗೆಲ್ಲಲಿಲ್ಲ ಅನ್ನುತ್ತಾರೆ ಇತಿಹಾಸಕಾರರು. ಹದಿನೈದಿಪ್ಪತ್ತು ವರ್ಷ ಆದ ಮೇಲೆ ಇಬ್ಬರೂ ಒಪ್ಪಂದಕ್ಕೆ ಬಂದರು. ಅದರ ಬರಹ ಲಕ್ಸರ್‌ನ ಕಾರ್ನಾಕ್ ದೇವಾಲಯದ ಗೋಡೆಯ ಮೇಲಿದೆ. ಜನ ಸೆಲ್ಫಿ ತೆಗೆದುಕೊಳ್ಳುವುದು ಯುದ್ಧದ ಗೋಡೆ ಮುಂದೆ. ಒಪ್ಪಂದದ ಗೋಡೆ ಎಲ್ಲಿ ಅಂತ ಕೇಳಿದ್ದಕ್ಕೆ ಗೈಡ್‌ಗೆ ಖುಷಿಯಾಯಿತು.

ನಮಗೆ ವಾಪಸ್ ಬರುವ ದಿನ ವಿಮಾನ ಸಮಯಕ್ಕೆ ಬಂತು. ಹಾಗಂತ ಅಕ್ಕನ ಹೆದರಿಕೆ ಸುಳ್ಳಾಯಿತು ಅಂತಲ್ಲ. ಅದೇ ಏಪ್ರಿಲ್‌ನಲ್ಲಿ ಇರಾನ್ ಒಂದೇ ರಾತ್ರಿ ಇಸ್ರೇಲ್ ಮೇಲೆ ನೂರಾರು ಡ್ರೋನ್, ಕ್ಷಿಪಣಿ ಬಿಟ್ಟಿತು. ಜೋರ್ಡಾನ್, ಇರಾಕ್, ಲೆಬನಾನ್ ಆಕಾಶ ಮುಚ್ಚಿದವು. ತಮಾಷೆ ನೋಡಿ, ಎರಡು ಮೂರು ದಿನಕ್ಕೇ ದುಬೈನಲ್ಲಿ ಹಿಂದೆಂದೂ ಕಾಣದ ಮಳೆ ಸುರಿದು ರನ್‌ವೇ ಮುಳುಗಿತು. ಜನ ಏರ್‌ಪೋರ್ಟಿನ ನೆಲದ ಮೇಲೆ ಮಲಗಿದ್ದದ್ದು ಮಳೆಗೆ, ಯುದ್ಧಕ್ಕಲ್ಲ. 2025ರ ಜೂನ್ 23ರ ರಾತ್ರಿ ಇರಾನ್ ಕತಾರಿನ ಅಮೆರಿಕನ್ ನೆಲೆಗೆ ಕ್ಷಿಪಣಿ ಬಿಟ್ಟಾಗ ಗಲ್ಫ್‌ನ ಆಕಾಶವೇ ಕೆಲವು ಗಂಟೆ ಮುಚ್ಚಿತು, ದಾರಿಯಲ್ಲಿದ್ದ ವಿಮಾನಗಳು ಹಿಂದಕ್ಕೆ ತಿರುಗಿದವು. ಅವತ್ತು ರಾತ್ರಿ ಅಕ್ಕ "ನೋಡಿದ್ಯಾ?" ಅಂತ ಒಂದೇ ಪದದ ಮೆಸೇಜ್ ಹಾಕಿದಳು.

ಅದೇ ತಿಂಗಳು ಈಜಿಪ್ಟ್ ಸರ್ಕಾರವೂ ನಮ್ಮ ಭಾವ ಮಾಡಿದ ಕೆಲಸವನ್ನೇ ಮಾಡಿತು. ಪಿರಮಿಡ್ ಪಕ್ಕ ಇಪ್ಪತ್ತು ವರ್ಷದಿಂದ ಕಟ್ಟುತ್ತಿದ್ದ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂನ ಉದ್ಘಾಟನೆ ಜುಲೈ 3ಕ್ಕೆ ಗೊತ್ತಾಗಿತ್ತು. ದೊಡ್ಡ ದೊಡ್ಡವರಿಗೆಲ್ಲ ಆಹ್ವಾನ. ಸುತ್ತಮುತ್ತಲಿನ ಪರಿಸ್ಥಿತಿ ಸರಿಯಿಲ್ಲ ಅಂತ ಮುಂದೂಡಿದರು, ಕೊನೆಗೆ ನವೆಂಬರ್ 1ಕ್ಕೆ ಮಾಡಿದರು. ಭಾವ ಆ ಸುದ್ದಿಯನ್ನು ಕತ್ತರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕಿ, "ರದ್ದಲ್ಲ, ಮುಂದೂಡಿಕೆ" ಅಂತ ಬರೆದರು.

ಅವರ ಕ್ರೆಡಿಟ್ ನೋಟ್ ಅವಧಿ ಮುಗಿಯುತ್ತಾ ಬಂದಾಗ ಇನ್ನೊಂದು ವರ್ಷ ಎಳೆಸಿಕೊಂಡಿದ್ದಾರೆ. ಅತ್ತೆಯ ಡಯಾಲಿಸಿಸ್ ನಡೆಯುತ್ತಲೇ ಇದೆ, ಅಕ್ಕನ ಹುಬ್ಬಳ್ಳಿಯ ನಾದಿನಿ ವಾಲಂಟರಿ ರಿಟೈರ್‌ಮೆಂಟ್ ತಗೊಂಡಿದ್ದಾಳೆ, ಈಗ ಬೇಕಾದಷ್ಟು ದಿನ ಬಂದು ಇರಬಲ್ಲಳು. ಭಾವ ಎರಡು ಷರತ್ತು ಹಾಕಿದ್ದಾರೆ. ಗಲ್ಫ್‌ನಲ್ಲಿ ವಿಮಾನ ಬದಲಿಸುವುದು ಬೇಡ, ಮುಂಬೈಯಿಂದ ಕೈರೋಗೆ ನೇರ ವಿಮಾನವೇ ಆಗಬೇಕು. ಮತ್ತೆ, ಎಸ್ನಾದಲ್ಲಿ ಮೇಜಿನ ಬಟ್ಟೆಯ ಚೌಕಾಸಿಯನ್ನು ತಾವೇ ಮಾಡಬೇಕು. ಆ ನೇರ ವಿಮಾನವೂ ಸೌದಿಯ ಮೇಲೇ ಹಾರಿಕೊಂಡು ಹೋಗುತ್ತೆ ಅಂತ ನಮ್ಮನೆಯವರು ಹೇಳಲು ಹೊರಟಿದ್ದರು. ನಾನು ಸುಮ್ನಿರಿ ಅಂದೆ.